ಒಂದೇ ಫ್ಲಾಸ್ಕು, ನಾಲ್ಕು ಉತ್ತರ

ಹೊಸ ಪ್ರಯೋಗಾಲಯಕ್ಕೆ ಹೋದ ಎರಡನೇ ವಾರದಲ್ಲಿ ನಮ್ಮ ಪೈಪರಿನ್‌ನ ಶುದ್ಧತೆ ತೊಂಬತ್ತೈದರಿಂದ ಎಂಬತ್ತಾರಕ್ಕೆ ಇಳಿಯಿತು. ಕಾಳುಮೆಣಸಿನ ಖಾರಕ್ಕೆ ಕಾರಣವಾದ ವಸ್ತುವೇ ಪೈಪರಿನ್. ಕೆ. ಹೊಸಕೋಟೆ ರಸ್ತೆಯಲ್ಲಿರುವ ನಮ್ಮ ಚಿಕ್ಕ ಘಟಕದಲ್ಲಿ ಅದನ್ನು ಮೆಣಸಿನಿಂದ ಬೇರ್ಪಡಿಸಿ, ಹರಳು ಮಾಡಿ, ಔಷಧಿ ತಯಾರಿಸುವ ಒಂದು ಕಂಪನಿಗೆ ಕಳಿಸುತ್ತಿದ್ದೆವು. ನೂರಕ್ಕೆ ತೊಂಬತ್ತೈದು ಪಾಲು ಶುದ್ಧವಿರಬೇಕು ಎಂಬುದು ಅವರ ಷರತ್ತು. ಒಂದು ಕಡಿಮೆಯಾದರೂ ಮಾಲು ಗೇಟು ದಾಟುವಂತಿರಲಿಲ್ಲ. ದಾಟಬಹುದು ಎಂದು ಸಹಿ ಹಾಕುವ ಕೆಮಿಸ್ಟ್ ಅಲ್ಲಿ ನಾನೊಬ್ಬಳೇ.

ಘಟಕವೆಂದರೆ ಕಾಫಿ ಬೀಜ ತುಂಬಿಡುತ್ತಿದ್ದ ಹಳೆಯ ಕಾಲದ ಒಂದು ಸ್ಟೋರು. ಒಂದು ಬದಿಯಲ್ಲಿ ಆರೇಳು ಹೆಂಗಸರು ಮೆಣಸು ಕೇರಿ ಆರಿಸುತ್ತಿದ್ದರು. ಇನ್ನೊಂದು ಬದಿಯಲ್ಲಿ ಮುಚ್ಚಳವಿರುವ ಸ್ಟೀಲಿನ ದೊಡ್ಡ ಪಾತ್ರೆಗಳು. ಅವುಗಳನ್ನು ನೋಡಿಕೊಳ್ಳುತ್ತಿದ್ದವರು ಐವತ್ತು ದಾಟಿದ ಆಪರೇಟರ್. ಮೆಣಸಿನಿಂದ ತೆಗೆದ ಹಸಿರುಗಪ್ಪು ಅಂಟುರಸವನ್ನು ಬೆಚ್ಚಗಿನ ಆಲ್ಕೋಹಾಲಿನಲ್ಲಿ ಕರಗಿಸಿ, ಸ್ವಲ್ಪ ಕ್ಷಾರ ಹಾಕಿ ಜಿಗುಟನ್ನೆಲ್ಲ ಕೆಳಗಿಳಿಸಿ, ಸೋಸಿ, ತಿಳಿಯಾದ ದ್ರಾವಣಕ್ಕೆ ಹದವಾಗಿ ನೀರು ಸೇರಿಸುತ್ತಾ ತಣಿಸಿದರೆ ಮಾರನೆಯ ದಿನ ತೆಳುಹಳದಿ ಸೂಜಿಗಳು ಮೂಡುತ್ತವೆ. ನೀರು ಅವಸರದಲ್ಲಿ ಬಿದ್ದರೆ ಹರಳಿನ ಬದಲು ಎಣ್ಣೆ ಇಳಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ನಾನು ಕಾಗದದಲ್ಲಿ ಲೆಕ್ಕ ಹಾಕಿ ಹೇಳುತ್ತಿದ್ದೆ. ಅವರು ಗಾಜಿನ ಇಣುಕುಕಿಂಡಿಯಲ್ಲಿ ಒಂದು ಸಲ ನೋಡಿ ಹೇಳುತ್ತಿದ್ದರು. ಎಷ್ಟೋ ಸಲ ಅವರೇ ಸರಿ ಇರುತ್ತಿದ್ದರು. ಹರಳುಗಳನ್ನು ಗಿರಗಿರ ತಿರುಗುವ ಬುಟ್ಟಿಯಲ್ಲಿ ಹಾಕಿ, ಅಂಟಿಕೊಂಡ ಕಂದು ರಸ ಹೋಗುವಂತೆ ತಣ್ಣಗಿನ ದುರ್ಬಲ ಆಲ್ಕೋಹಾಲಿನಲ್ಲಿ ಮೂರು ಸಲ ತೊಳೆಯುವುದು ಕೊನೆಯ ಹಂತ. ಪ್ರತಿ ತೊಳೆತಕ್ಕೂ ಬ್ಯಾಚ್ ಪುಸ್ತಕದಲ್ಲಿ ಹೊತ್ತು ಬರೆದು ಅವರು ಸಹಿ ಹಾಕಬೇಕು.

ಖರೀದಿದಾರರ ಇನ್‌ಸ್ಪೆಕ್ಟರ್ ಒಬ್ಬರು ಬಂದವರು ಹಿಂದಿನ ಕೋಣೆಯಲ್ಲಿದ್ದ ನನ್ನ ಪ್ರಯೋಗಾಲಯ ನೋಡಿ, ಇದು ಗುಹೆಯ ಹಾಗಿದೆ ಎಂದರು. ಮಾಲೀಕರು ಸಕಲೇಶಪುರದ ಕಡೆಯ ಪ್ಲಾಂಟರು. ಒಂದೇ ತಿಂಗಳಲ್ಲಿ ಮುಂಭಾಗದ ಮಹಡಿಯಲ್ಲಿ ಹೊಸ ಕೋಣೆ ಕಟ್ಟಿಸಿದರು. ಬಿಳಿ ಟೈಲ್ಸು, ಪೂರ್ವಕ್ಕೆ ಗೋಡೆಯುದ್ದ ಗಾಜಿನ ಕಿಟಕಿ, ಅದರ ಕೆಳಗೆ ನುಣುಪಾದ ಗ್ರಾನೈಟ್ ಕಟ್ಟೆ. ಸಾಗಿಸುವಾಗ ಹಳೆಯ ಕಂದು ಫ್ಲಾಸ್ಕುಗಳಲ್ಲಿ ಹೆಚ್ಚಿನವು ಒಡೆದುಹೋಗಿದ್ದವು. ಬದಲಿಗೆ ಹೊಳೆಯುವ ಬಿಳಿ ಗಾಜಿನವು ಬಂದವು. ವಿಶ್ಲೇಷಣೆಯ ಕ್ರಮವನ್ನು ಹಳೆಯ ಹರಕು ಹಾಳೆಯಿಂದ ನಾನೇ ಚೊಕ್ಕಟವಾಗಿ ಟೈಪ್ ಮಾಡಿ ಗೋಡೆಗೆ ಅಂಟಿಸಿದೆ. ಆ ಬೆಳಕಿನಲ್ಲಿ ನಿಂತು ಕೆಲಸ ಮಾಡುವುದು ನನಗೆ ಹಬ್ಬದಂತಿತ್ತು.

ಅಲ್ಲಿ ಪರೀಕ್ಷಿಸಿದ ಮೊದಲ ಬ್ಯಾಚಿಗೇ ಎಂಬತ್ತಾರು ಬಂದಾಗ ಯಂತ್ರವನ್ನು ಅನುಮಾನಿಸಿದೆ. ನಮ್ಮ ಯಂತ್ರ ದ್ರಾವಣವನ್ನು ಸಣ್ಣ ಉಕ್ಕಿನ ಕೊಳವೆಯೊಂದರ ಮೂಲಕ ಒತ್ತಡದಲ್ಲಿ ಹಾಯಿಸಿ ಅದರಲ್ಲಿರುವ ವಸ್ತುಗಳನ್ನು ಒಂದೊಂದಾಗಿ ಹೊರಬಿಡುತ್ತದೆ. ಪ್ರತಿಯೊಂದೂ ಪರದೆಯ ಮೇಲೆ ಒಂದು ಗುಡ್ಡವಾಗಿ ಏಳುತ್ತದೆ. ಪೈಪರಿನ್‌ನ ದೊಡ್ಡ ಗುಡ್ಡದ ಮಗ್ಗುಲಲ್ಲಿ ಈಗ ಹಿಂದೆಂದೂ ಇಲ್ಲದ ಎರಡು ದಿಬ್ಬಗಳು ಕಾಣಿಸಿಕೊಂಡಿದ್ದವು. ಕೊಳವೆ ತೊಳೆದೆ. ಹರಿಸುವ ದ್ರವವನ್ನು ಹೊಸದಾಗಿ ಮಾಡಿದೆ. ಹೋಲಿಕೆಗೆಂದು ಇಟ್ಟಿರುವ ಶುದ್ಧ ಪೈಪರಿನ್‌ನ ದ್ರಾವಣವನ್ನು ಫ್ರಿಜ್‌ನಿಂದ ತೆಗೆದು ಹಾಯಿಸಿದರೆ ಒಂದೇ ಗುಡ್ಡ, ಪಕ್ಕದಲ್ಲಿ ಏನೂ ಇಲ್ಲ. ಯಂತ್ರ ಸರಿಯಿದೆ ಎಂದಾಯಿತು. ಹಾಗಾದರೆ ಕೊಳೆ ನಮ್ಮ ಮಾಲಿನಲ್ಲೇ.

ಮೆಣಸನ್ನು ಅನುಮಾನಿಸಿದೆ. ನೀರಿಗೆ ಹಾಕಿ ತೇಲಿದ್ದನ್ನೆಲ್ಲ ಒಡೆದು ನೋಡಿದೆ. ಕಲಬೆರಕೆಯ ಪರಂಗಿಬೀಜವಾಗಲಿ, ಮೇಲೆ ಬಳಿದ ಎಣ್ಣೆಯಾಗಲಿ ಇರಲಿಲ್ಲ. ಆಲ್ಕೋಹಾಲು ಬದಲಾಯಿಸಿದೆವು. ಕೊನೆಗೆ ಆ ಬ್ಯಾಚನ್ನು ಮತ್ತೆ ಕರಗಿಸಿ ಹರಳು ಮಾಡಲು ಹೇಳಿದೆ. ಹೀಗೆ ಮಾಡಿದರೆ ಕೊಳೆ ದ್ರಾವಣದಲ್ಲೇ ಉಳಿದು ಶುದ್ಧ ವಸ್ತು ಹೊರಬರಬೇಕು. ಆದರೆ ಪ್ರತಿ ಸಲವೂ ಒಂದಷ್ಟು ಪೈಪರಿನ್ ದ್ರಾವಣದ ಜೊತೆಗೆ ಹೋಗಿಬಿಡುತ್ತದೆ. ಮೊದಲ ಮರುಹರಳಿಗೆ ಎಂಬತ್ತೇಳು ಬಂತು. ಎರಡನೆಯದಕ್ಕೆ ಎಂಬತ್ತೈದು. ಶುದ್ಧ ಮಾಡಿದಷ್ಟೂ ಕೊಳೆಯಾಗುವ ವಸ್ತುವನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಪಾತ್ರೆಯಲ್ಲಿ ಮಾಲು ಕಾಲುಭಾಗ ಇಳಿದಿತ್ತು.

ಮೂರನೇ ಸಲ ಕರಗಿಸಲು ಹೇಳಿದಾಗ ಆಪರೇಟರ್ ಅಂಗೈಯಲ್ಲಿ ಒಂದು ಹಿಡಿ ಹರಳು ತಂದು ನನ್ನ ಮೇಜಿನ ಮೇಲೆ ಹಾಕಿದರು.

"ಹರಳು ಚೆನ್ನಾಗೈತೆ ಕಣಮ್ಮ. ಇದನ್ನ ಇನ್ನ ಕರಗಿಸ್‌ಬ್ಯಾಡಿ. ಸುಮ್ನೆ ಕಳ್ಕೊಂಬುಡ್ತೀವಿ."

ನಾನು ಅದರ ಕರಗುವ ಶಾಖ ನೋಡಿದೆ. ಕೂದಲಿನಂಥ ಗಾಜಿನ ನಳಿಗೆಯಲ್ಲಿ ಚಿಟಿಕೆ ಪುಡಿ ತುಂಬಿ, ನಿಧಾನವಾಗಿ ಕಾಯಿಸುತ್ತಾ, ಅದು ನೀರಾಗುವ ಡಿಗ್ರಿಯನ್ನು ಗುರುತಿಸುವುದು ಕಾಲೇಜಿನಲ್ಲಿ ಕಲಿಸುವ ಮೊದಲ ಪಾಠ. ಕೊಳೆಯಿರುವ ವಸ್ತು ಬೇಗ ಮೆತ್ತಗಾಗಿ ಎಳೆದಾಡಿಕೊಂಡು ಕರಗುತ್ತದೆ. ಶುದ್ಧವಾದದ್ದು ಒಂದೇ ಏಟಿಗೆ ಕರಗುತ್ತದೆ. ಆ ಹರಳು ನೂರ ಇಪ್ಪತ್ತೊಂಬತ್ತರಲ್ಲಿ ಒಂದೇ ಏಟಿಗೆ ಕರಗಿತು. ಎಂಬತ್ತೈದು ಪಾಲಿನ ಮಾಲು ಹಾಗೆ ಕರಗಲು ಸಾಧ್ಯವೇ ಇಲ್ಲ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ, ಥರ್ಮಾಮೀಟರ್ ಹಳೆಯದು ಎಂದು ಪಕ್ಕಕ್ಕಿಟ್ಟೆ. ದೊಡ್ಡ ಯಂತ್ರ ಹೇಳಿದ್ದನ್ನು ಗಾಜಿನ ನಳಿಗೆ ಸುಳ್ಳು ಮಾಡುವುದನ್ನು ಒಪ್ಪಲು ನನ್ನ ಮನಸ್ಸು ಸಿದ್ಧವಿರಲಿಲ್ಲ.

ಅಷ್ಟರಲ್ಲಿ ಮಾಲೀಕರ ಫೋನು ದಿನಕ್ಕೆ ಮೂರು ಸಲ ಬರುತ್ತಿತ್ತು. ಖರೀದಿದಾರರು ಮಾಲು ತಡವಾದದ್ದಕ್ಕೆ ಬರವಣಿಗೆಯಲ್ಲಿ ಕಾರಣ ಕೇಳಿದ್ದರು. ಪ್ರತಿ ದಾರಿಯನ್ನೂ ನಾನೇ ಒಂದೊಂದಾಗಿ ಮುಚ್ಚಿಕೊಂಡು ಬಂದಿದ್ದೆ. ಯಂತ್ರ ಸರಿ, ಮೆಣಸು ಸರಿ, ಆಲ್ಕೋಹಾಲು ಸರಿ. ಉಳಿದದ್ದು ತೊಳೆಯುವ ಹಂತ ಒಂದೇ. ವರದಿಯಲ್ಲಿ ಬರೆದೆ: "ಹರಳುಗಳನ್ನು ಪೂರ್ತಿ ತೊಳೆಯದಿರುವ ಸಾಧ್ಯತೆ ಹೆಚ್ಚು." ಸಾಧ್ಯತೆ ಎಂಬ ಮಾತು ಹಾಕಿದ್ದರಿಂದ ನನಗೆ ಸಮಾಧಾನವಿತ್ತು. ಮಾಲೀಕರು ಆ ವಾಕ್ಯವನ್ನು ಬ್ಯಾಚ್ ಪುಸ್ತಕದ ಪಕ್ಕದಲ್ಲಿಟ್ಟು ಓದಿದರು. ಪುಸ್ತಕದಲ್ಲಿ ಮೂರು ತೊಳೆತಕ್ಕೂ ಹೊತ್ತು ಬರೆದು ಸಹಿಯಾಗಿತ್ತು. ಹಾಗಾದರೆ ಈ ಮನುಷ್ಯ ಸುಳ್ಳು ಬರೆದಿದ್ದಾನೆ ಎಂದರು.

ಮೆಣಸು ಆರಿಸುವ ಹೆಂಗಸರ ಎದುರಿಗೇ ಅವರನ್ನು ಕೇಳಿದರು. ಆಪರೇಟರ್ ನನ್ನ ಕಡೆ ನೋಡಿ, "ಮೂರ್ ಸಲ ತೊಳ್ದೀನಿ ಕಣಮ್ಮ" ಎಂದರು. ಮತ್ತೊಮ್ಮೆ ಅದನ್ನೇ ಹೇಳಿದರು. ನಾನು ನೆಲ ನೋಡುತ್ತಾ ನಿಂತಿದ್ದೆ. ಅವತ್ತೇ ಅವರನ್ನು ಕೆಲಸದಿಂದ ತೆಗೆದರು. ಅವರ ತಪ್ಪಿನಿಂದ ಹೀಗಾಯಿತು, ಕ್ರಮ ಕೈಗೊಂಡಿದ್ದೇವೆ ಎಂದು ಖರೀದಿದಾರರಿಗೆ ಪತ್ರ ಹೋಯಿತು.

ಅದಾಗಿ ಐದನೇ ದಿನ ಬೆಳಿಗ್ಗೆ ಬಸ್ಸಿಳಿದು ನಾನು ಯಂತ್ರ ಹಾಕಿದ್ದೆ ಅಷ್ಟೇ. ದಿನವೂ ಮೊದಲು ಮಾಲು ತೂಗಿ ದ್ರಾವಣ ಮಾಡಿ ಕಟ್ಟೆಯ ಮೇಲಿಟ್ಟು, ಆಮೇಲೆ ಯಂತ್ರ ಹಾಕುವುದು ರೂಢಿ. ಯಂತ್ರ ಸ್ಥಿರವಾಗಲು ಗಂಟೆಯ ಮೇಲೆ ಬೇಕು. ಅಷ್ಟು ಹೊತ್ತು ದ್ರಾವಣ ಕಾಯುತ್ತಿರುತ್ತದೆ. ಅವತ್ತು ಬಸ್ಸಿನಲ್ಲಿ ಇರುವಾಗಲೇ ಫೋನಿಗೆ ಅರಣ್ಯ ಇಲಾಖೆಯವರ ಸಂದೇಶ ಬಂದಿತ್ತು, ನಮ್ಮ ಕಡೆಯ ತೋಟಗಳಲ್ಲಿ ಆನೆಗಳಿವೆ ಎಂದು. ಆನೆಗಳಿಗೆ ತಂತಿ ತಗುಲದಿರಲೆಂದು ಕರೆಂಟು ಯಾವಾಗ ತೆಗೆಯುತ್ತಾರೋ ಎಂದು ಮೊದಲು ಯಂತ್ರ ಹಾಕಿಬಿಟ್ಟೆ. ತಕ್ಕಡಿಯ ಹತ್ತಿರ ಹೋಗುವಷ್ಟರಲ್ಲಿ ಗೇಟಿನ ಬಳಿ ಬೈಕು ನಿಂತ ಸದ್ದಾಯಿತು. ಅರಣ್ಯ ವಾಚರ್ ಕೂಗಿ ಹೇಳುತ್ತಿದ್ದರು: ಐದು ಆನೆ ಹಿಂದಿನ ಕಾಫಿ ತೋಟದೊಳಗೆ ಇಳಿದಿವೆ, ಜೊತೆಗೆ ಮರಿಯಿದೆ, ತಾನು ಹೇಳುವ ತನಕ ಯಾರೂ ಹೊರಗೆ ಬರಕೂಡದು.

ಯಾರೂ ಎಂದರೆ ನಾನೊಬ್ಬಳೇ ಎಂದುಕೊಂಡಿದ್ದೆ. ಕೆಳಗಿಳಿದು ಶಟರ್ ಎಳೆಯಲು ಹೋದರೆ ಒಳಗೆ ಆಪರೇಟರ್ ನಿಂತಿದ್ದರು. ಕೈಯಲ್ಲಿ ಅವರ ಸ್ವೆಟರು, ಊಟದ ಡಬ್ಬಿ. ಯಾರೂ ಬರುವ ಮುಂಚೆ ತಮ್ಮ ಸಾಮಾನು ತೆಗೆದುಕೊಂಡು ಹೋಗೋಣವೆಂದು ಬಂದಿದ್ದರು. ಇಬ್ಬರೂ ಸೇರಿ ಎರಡು ಶಟರುಗಳನ್ನೂ ಎಳೆದೆವು. ಹಿಂದುಗಡೆ ರೆಂಬೆ ಮುರಿಯುವ ಸದ್ದು ಶುರುವಾಯಿತು.

ಅವರು ಮೆಣಸಿನ ಚೀಲಗಳ ಮೇಲೆ ಕೂತರು. ನಾನು ಮೇಲೆ ಹೋಗಿ ಕೂತೆ. ಗಂಟೆಯಾದ ಮೇಲೆ ಕೂರಲಾಗಲಿಲ್ಲ. ಐದು ದಿನದಿಂದ ತಪ್ಪಿಸಿಕೊಂಡಿದ್ದ ಮುಖ ನಾಲ್ಕು ಮೆಟ್ಟಿಲ ಕೆಳಗಿತ್ತು. ಕೈಗೆ ಏನಾದರೂ ಕೆಲಸ ಬೇಕೆಂದು ತಡೆದಿಟ್ಟಿದ್ದ ಅದೇ ಬ್ಯಾಚಿನ ಹರಳು ತೂಗಿ ದ್ರಾವಣ ಮಾಡಿದೆ. ಯಂತ್ರ ಆಗಲೇ ಸಿದ್ಧವಾಗಿತ್ತು. ಕೂಡಲೇ ಹಾಯಿಸಿದೆ.

ತೊಂಬತ್ತೈದು ಪಾಯಿಂಟ್ ಒಂದು.

ಕೊಳವೆಯಲ್ಲಿ ಗುಳ್ಳೆ ಸೇರಿರಬೇಕು ಎಂದುಕೊಂಡೆ. ಫ್ರಿಜ್‌ನಿಂದ ಹೋಲಿಕೆಯ ದ್ರಾವಣ ತೆಗೆದು ಹಾಯಿಸಿದೆ. ಸರಿಯಾಗಿತ್ತು. ಅದೇ ಫ್ಲಾಸ್ಕಿನಿಂದ ಮತ್ತೆ ತೆಗೆದು ಹಾಯಿಸಿದೆ. ತೊಂಬತ್ತೆರಡೂವರೆ. ಬೇರೆ ದಿನವಾಗಿದ್ದರೆ ಇಷ್ಟಕ್ಕೆ ಬಿಟ್ಟು, ಮಧ್ಯದಲ್ಲಿ ಇನ್ನೇನಾದರೂ ಕೆಲಸಕ್ಕೆ ಹೋಗುತ್ತಿದ್ದೆ. ಅವತ್ತು ಹೋಗಲು ಎಲ್ಲೂ ಜಾಗವಿರಲಿಲ್ಲ. ಮೂರನೇ ಸಲ, ತೊಂಬತ್ತಕ್ಕೆ ಒಂದಿಷ್ಟು ಕಡಿಮೆ. ನಾಲ್ಕನೇ ಸಲ, ಎಂಬತ್ತಾರು. ಒಂದೇ ಫ್ಲಾಸ್ಕು, ಒಂದೇ ದ್ರಾವಣ, ಒಂದೂಕಾಲು ಗಂಟೆಯೊಳಗೆ ನಾಲ್ಕು ಉತ್ತರ. ಪರದೆಯ ಮೇಲೆ ಆ ಎರಡು ದಿಬ್ಬಗಳು ಸಲದಿಂದ ಸಲಕ್ಕೆ ಬೆಳೆಯುತ್ತಿದ್ದವು, ದೊಡ್ಡ ಗುಡ್ಡ ಅಷ್ಟಷ್ಟೇ ಕುಸಿಯುತ್ತಿತ್ತು.

ಫ್ಲಾಸ್ಕಿನ ಕಡೆ ತಿರುಗಿದೆ. ಅದು ಗ್ರಾನೈಟ್ ಕಟ್ಟೆಯ ಮೇಲೆ ಬಿಸಿಲಿನಲ್ಲಿತ್ತು. ಮುಟ್ಟಿದರೆ ಬೆಚ್ಚಗಿತ್ತು.

ಹಳೆಯ ಹರಕು ಹಾಳೆ ಫೈಲಿನಲ್ಲಿತ್ತು. ತೆಗೆದು ಓದಿದೆ. ಕೆಳಗಿನಿಂದ ಎರಡನೇ ಸಾಲು: ದ್ರಾವಣವನ್ನು ಬೆಳಕಿನಿಂದ ದೂರವಿಡಿ. ಗೋಡೆಗೆ ಅಂಟಿಸಿದ ನನ್ನ ಚೊಕ್ಕಟ ಹಾಳೆಯಲ್ಲಿ ಆ ಸಾಲು ಇರಲಿಲ್ಲ. ಪೈಪರಿನ್ ಅಣುವಿಗೊಂದು ಬಾಲವಿದೆ. ದ್ರಾವಣದಲ್ಲಿರುವಾಗ ಬಿಸಿಲು ಬಿದ್ದರೆ ಆ ಬಾಲ ಮಡಚಿಕೊಳ್ಳುತ್ತದೆ. ಅಣುವಿನಿಂದ ಏನೂ ಕಳೆಯುವುದಿಲ್ಲ, ಏನೂ ಸೇರುವುದಿಲ್ಲ, ಆಕಾರ ಬದಲಾಗುತ್ತದೆ ಅಷ್ಟೇ. ಯಂತ್ರ ಅದನ್ನು ಬೇರೆ ವಸ್ತುವೆಂದು ಎಣಿಸುತ್ತದೆ. ಎಂ.ಎಸ್ಸಿ.ಯಲ್ಲಿ ಇದನ್ನು ಪರೀಕ್ಷೆಗೆ ಓದಿದ್ದೆ. ಹಿಂದಿನ ಕತ್ತಲೆ ಕೋಣೆಯಲ್ಲಿ, ಕಂದು ಗಾಜಿನೊಳಗೆ, ಅದು ನೆನಪಿಗೆ ಬರುವ ಪ್ರಸಂಗವೇ ಬಂದಿರಲಿಲ್ಲ. ಹೋಲಿಕೆಯ ದ್ರಾವಣ ಫ್ರಿಜ್‌ನ ಕತ್ತಲೆಯಲ್ಲಿ ಕೆಡದೆ ಇತ್ತು. ಅದು ಕೆಡದೆ ಇದ್ದದ್ದೇ ನನ್ನನ್ನು ದಾರಿ ತಪ್ಪಿಸಿತ್ತು.

ಮಾಲು ಮೊದಲಿನಿಂದಲೂ ಶುದ್ಧವಾಗಿತ್ತು. ನಾನೇ ಅದನ್ನು ದಿನವೂ ಬಿಸಿಲಿಗಿಟ್ಟು ಕೆಡಿಸಿ, ಕೆಟ್ಟಿದೆ ಎಂದು ಬರೆಯುತ್ತಿದ್ದೆ.

ಆಪರೇಟರನ್ನು ಮೇಲೆ ಕರೆದೆ. ಅವರಿಗೆ ಹೇಳುವ ಮುಂಚೆ ಖಚಿತವಾಗಬೇಕಿತ್ತು. ಒಮ್ಮೆ ಅವಸರಪಟ್ಟದ್ದು ಸಾಕಾಗಿತ್ತು. ಹೊಸ ದ್ರಾವಣ ಮಾಡಿ ಎರಡು ಫ್ಲಾಸ್ಕಿಗೆ ಹಂಚಿದೆ. ಒಂದಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಎರಡನ್ನೂ ಕಿಟಕಿಯ ಬಳಿ ಅಕ್ಕಪಕ್ಕ ಇಟ್ಟೆ. ಕಾಯುವ ಒಂದು ಗಂಟೆಯಲ್ಲಿ ಅವರ ಎದುರೇ ಕರಗುವ ಶಾಖ ನೋಡಿದೆ. ಈ ಸಲ ನಮ್ಮ ಹರಳಿಗೆ ಸಮನಾಗಿ ಹೋಲಿಕೆಯ ಶುದ್ಧ ಪೈಪರಿನ್ ಬೆರೆಸಿ ನಳಿಗೆಗೆ ತುಂಬಿದೆ. ಎರಡೂ ಒಂದೇ ಆಗಿದ್ದರೆ ಬೆರೆತರೂ ಶಾಖ ಇಳಿಯುವುದಿಲ್ಲ. ಇಳಿಯಲಿಲ್ಲ. ನೂರ ಇಪ್ಪತ್ತೊಂಬತ್ತರಲ್ಲಿ ಎರಡೂ ಒಟ್ಟಿಗೆ ನೀರಾದವು. ಅವರು ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಹಿಂದಿನ ಕೆರೆಯಲ್ಲಿ ಆನೆಗಳು ನೀರಿಗಿಳಿದ ಸದ್ದು ಕೇಳುತ್ತಿತ್ತು. ಇಬ್ಬರೂ ಅತ್ತ ನೋಡಲಿಲ್ಲ.

ಹಾಳೆ ಸುತ್ತಿದ ಫ್ಲಾಸ್ಕು ತೊಂಬತ್ತೈದು ಕೊಟ್ಟಿತು. ತೆರೆದದ್ದು ಎಂಬತ್ತೇಳು.

ತಪ್ಪು ನನ್ನದು ಎಂದು ಅವರಿಗೆ ಹೇಳಿದೆ. ಬಾಲ ಮಡಚುವುದು, ಬೆಳಕು, ಹಾಳೆಯ ಸಾಲು ಎಲ್ಲವನ್ನೂ ಬಿಡಿಸಿ ಹೇಳುತ್ತಾ ಹೋದೆ. ಅವರು ನಡುವೆ ತಡೆದರು.

"ಅಂದ್ರೆ ನಾನ್ ತೊಳ್ದಿದ್ದೆ ಅಂತ ಆಯ್ತಲ್ಲ."

"ಹೌದು. ನೀವು ತೊಳೆದಿದ್ರಿ."

ಅವರು ತಲೆಯಾಡಿಸಿದರು. ಉಳಿದದ್ದು ಅವರಿಗೆ ಬೇಕಿರಲಿಲ್ಲ.

ನಮ್ಮ ಕೋಣೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಕಿಟಕಿಯ ಮೂಲೆಯಲ್ಲಿ ಮಾತ್ರ. ಫೋನನ್ನು ಅಲ್ಲಿ ನಿಲ್ಲಿಸಿ ಸ್ಪೀಕರ್ ಹಾಕಿ ಮಾಲೀಕರಿಗೆ ಹೇಳಿದೆ. ಅವರು ಮೊದಲು ಆನೆಗಳ ವಿಷಯ ಕೇಳಿದರು. ನಂತರ ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು. ಮಾಲು ಸರಿಯಿದೆ ಎಂದಾಗ ಅವರ ಧ್ವನಿ ಹಗುರವಾಯಿತು. ಖರೀದಿದಾರರಿಗೆ ಈಗಲೇ ತಿಳಿಸಬೇಕು ಎಂದಾಗ ಮತ್ತೆ ಬಿಗಿಯಾಯಿತು.

"ನೋಡಿ ಮೇಡಂ, ಆಪರೇಟರ್ ತಪ್ಪು ಅಂತ ಬರೆದು ಕಳಿಸಾಗಿದೆ. ಈಗ ಕೆಮಿಸ್ಟ್ ತಪ್ಪು ಅಂದ್ರೆ, ನೀವು ಹಿಂದೆ ಸೈನ್ ಹಾಕಿದ್ದನ್ನೆಲ್ಲ ಯಾರು ನಂಬ್ತಾರೆ? ಮಾಲು ಸರಿ ಇದೆಯಲ್ಲ, ಕಳಿಸೋಣ. ಮಳೆಗಾಲ ಮುಗಿದ ಮೇಲೆ ಅವನನ್ನ ವಾಪಸ್ ಕರ್ಕೊಂಡರಾಯ್ತು."

ಮಾತು ಮುಗಿಸಿ ತಿರುಗಿದರೆ ಆಪರೇಟರ್ ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮೆಟ್ಟಿಲಿಳಿದು ಹೋದರು. ಹೊರಗೆ ಹೋಗಲು ಅವರಿಗೂ ದಾರಿಯಿರಲಿಲ್ಲ. ಕೆಳಗೆ ಚೀಲಗಳ ಮೇಲೆ ಕೂತ ಸದ್ದಾಯಿತು.

ಆ ಫೋನಿನ ನಂತರದ ಒಂದು ಗಂಟೆಯ ಬಗ್ಗೆ ನಾನು ಪ್ರಾಮಾಣಿಕವಾಗಿ ಬರೆಯಬೇಕು. ಮಾಲೀಕರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ನನ್ನ ಸಹಿಗೆ ಬೆಲೆ ಹೋಗಬಹುದಿತ್ತು. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಕೆಮಿಸ್ಟಿಗೆ ಇನ್ನೊಂದು ಕೆಲಸವಿಲ್ಲ. ಮಗಳು ಆಲೂರಿನಲ್ಲಿ ಹೈಸ್ಕೂಲಿಗೆ ಹೋಗುತ್ತಾಳೆ. ಮಳೆಗಾಲ ಮುಗಿಯುವುದು ಎಂದರೆ ಏಳು ತಿಂಗಳು. ಏಳು ತಿಂಗಳಲ್ಲಿ ಎಲ್ಲ ತಣ್ಣಗಾಗುತ್ತದೆ, ಅವರಿಗೂ ಕೆಲಸ ಸಿಗುತ್ತದೆ, ಯಾರಿಗೂ ನಷ್ಟವಿಲ್ಲ ಎಂದು ಮನಸ್ಸು ಹೇಳುತ್ತಲೇ ಇತ್ತು. ಎರಡು ಸಲ ಪತ್ರ ಬರೆದು ಅಳಿಸಿದೆ. ಎರಡು ಸಲವೂ ಅದರಲ್ಲಿ "ಸಾಧ್ಯತೆ" ಎಂಬ ಪದ ತಾನಾಗಿ ಬಂದು ಕೂತಿತ್ತು. ಅದನ್ನು ನೋಡಿದಾಗ ನಾನು ಇದಕ್ಕೂ ಮೊದಲು ಏನು ಮಾಡಿದ್ದೆನೆಂಬುದು ಕಣ್ಣಿಗೆ ಕಟ್ಟಿತು. ಆ ಪದ ನನ್ನನ್ನು ಕಾಪಾಡಿತ್ತು. ಅವರನ್ನು ಕಾಪಾಡಿರಲಿಲ್ಲ.

ಮೂರನೇ ಸಲ ಆ ಪದ ಹಾಕಲಿಲ್ಲ. ವಿಶ್ಲೇಷಣೆಯ ದ್ರಾವಣವನ್ನು ಬೆಳಕಿನಿಂದ ರಕ್ಷಿಸದೆ ತಪ್ಪು ಮಾಡಿದವಳು ನಾನು, ತೊಳೆಯುವ ಕೆಲಸ ಸರಿಯಾಗಿ ನಡೆದಿತ್ತು, ಆಪರೇಟರ್ ಮೇಲೆ ಹೊರಿಸಿದ ಆರೋಪವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದೆ. ನಾಲ್ಕು ಉತ್ತರಗಳ ಚಿತ್ರಗಳನ್ನೂ ಎರಡು ಫ್ಲಾಸ್ಕಿನ ಚಿತ್ರಗಳನ್ನೂ ಲಗತ್ತಿಸಿ ಖರೀದಿದಾರರಿಗೆ ಕಳಿಸಿದೆ. ಮಾಲೀಕರಿಗೂ ಅದರ ಪ್ರತಿ ಹೋಯಿತು. ಎದೆ ಹಗುರವಾಯಿತು ಎಂದು ಹೇಳಲಾರೆ.

ಮೂರು ಗಂಟೆಯ ಹೊತ್ತಿಗೆ ವಾಚರ್ ಬಂದು, ಆನೆಗಳು ಹೇಮಾವತಿಯ ಕಡೆ ಇಳಿದವು ಎಂದರು. ಶಟರ್ ಎತ್ತಿದೆವು. ಪತ್ರ ಕಳಿಸಿದ್ದೇನೆ ಎಂದು ಆಪರೇಟರಿಗೆ ಹೇಳಿದೆ. ಅವರು ಸ್ವೆಟರನ್ನು ಹೆಗಲಿಗೆ ಹಾಕಿಕೊಂಡರು.

"ಆ ಹೆಂಗಸ್ರು ಮುಂದೆ ಅಂದ್ರಲ್ಲ. ಅವ್ರು ಮುಂದೇನೇ ಹೇಳ್ಬುಡಿ. ನಂಗಷ್ಟು ಸಾಕು."

ಮಾರನೆಯ ದಿನ ಮೆಣಸು ಆರಿಸುವ ಜಾಗದಲ್ಲಿ ನಿಂತು ಹೇಳಿದೆ. ಮಾಲೀಕರೂ ಬಂದಿದ್ದರು, ಗೋಡೆಗೊರಗಿ ನಿಂತಿದ್ದರು. ಹೇಳುವಾಗ ನನ್ನ ಮಾತು ಮತ್ತೆ ಅಣು, ಬೆಳಕು ಎಂದು ಅಡ್ಡದಾರಿ ಹಿಡಿಯಿತು. ಹೆಂಗಸರಲ್ಲಿ ಹಿರಿಯಳಾದವಳು ಮೊರವನ್ನು ಕೆಳಗಿಟ್ಟಳು.

"ಅವತ್ತೇ ನಮ್ಮನ್ ಕೇಳಿದ್ರೆ ಹೇಳ್ತಿದ್ವಲ್ಲಮ್ಮ. ಬುಟ್ಟಿ ಮೂರ್ ಸಲ ನಿಂತು ಮೂರ್ ಸಲ ತಿರುಗೋ ಸದ್ದು ನಮ್ಗೂ ಕೇಳ್ತದೆ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಯಂತ್ರ, ಮೆಣಸು, ಆಲ್ಕೋಹಾಲು, ಥರ್ಮಾಮೀಟರ್ ಎಲ್ಲವನ್ನೂ ವಿಚಾರಿಸಿದ್ದೆ. ಹದಿನೈದು ಅಡಿ ದೂರದಲ್ಲಿ ಕೂತವರನ್ನು ಒಂದು ಮಾತು ಕೇಳಿರಲಿಲ್ಲ.

ಖರೀದಿದಾರರು ಮಾಲನ್ನು ತಮ್ಮಲ್ಲೇ ಪರೀಕ್ಷಿಸಿ ತೆಗೆದುಕೊಂಡರು. ನನ್ನ ಸಹಿಯನ್ನು ಮೂರು ತಿಂಗಳು ತಡೆಹಿಡಿದರು. ಪ್ರತಿ ಬ್ಯಾಚಿನ ನಮೂನೆಯೂ ಹೊರಗಿನ ಪ್ರಯೋಗಾಲಯಕ್ಕೆ ಹೋಗಿ ಬರಬೇಕಾಯಿತು. ಮಾಲೀಕರು ನನ್ನನ್ನು ತೆಗೆಯಲಿಲ್ಲ, ಆದರೆ ಆ ಮೂರು ತಿಂಗಳು ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಕಿಟಕಿಗೆ ಕಪ್ಪು ಪರದೆ ಬಂತು. ಹಗಲು ಹೊತ್ತಿನಲ್ಲೂ ದೀಪ ಹಾಕಿಕೊಂಡು ಕೆಲಸ ಮಾಡುತ್ತೇನೆ.

ಆಪರೇಟರನ್ನು ಮಾಲೀಕರು ತಾವೇ ಕಾರಿನಲ್ಲಿ ಹೋಗಿ ಕರೆದು ತಂದರು. ಅವರು ಬಂದರು. ಹರಳಿನ ಪಾತ್ರೆಗಳ ಹತ್ತಿರ ಮಾತ್ರ ಹೋಗಲಿಲ್ಲ. ಮೆಣಸಿನ ಚೀಲ ಇಳಿಸುವ, ಒಣಗಿಸುವ ಕೆಲಸ ಕೊಡಿ ಎಂದರು. ಕಡಿಮೆ ಕೆಲಸ ಅದು, ನಿಮ್ಮ ಕೈಯ ಹದ ಇನ್ನಾರಿಗೂ ಇಲ್ಲ ಎಂದು ನಾನು ಬಹಳ ಹೇಳಿದೆ. ಹೊಸ ಮನುಷ್ಯನ ಕೈಯಲ್ಲಿ ಎರಡು ಬ್ಯಾಚು ಎಣ್ಣೆಯಾಗಿ ಇಳಿದದ್ದನ್ನೂ ಹೇಳಿದೆ. ಅವರು ಚೀಲದ ಬಾಯಿ ಬಿಚ್ಚುತ್ತಾ ಕೇಳಿಸಿಕೊಂಡರು.

"ಇಲ್ಲೇ ಇರ್ತೀನಿ ಕಣಮ್ಮ," ಎಂದರು. "ಈ ಕೆಲ್ಸಕ್ಕಾದ್ರೆ ಪುಸ್ತಕ್ದಲ್ಲಿ ಏನೂ ಬರ್ಯಂಗಿಲ್ಲ."